ಹಿಂದಿನ ಬೆಂಚಿನಲ್ಲಿ ಒಬ್ಬರು ಬೇಕು

2021ರ ಫೆಬ್ರವರಿಯ ಒಂದು ಸಂಜೆ, ಒಮಾನ್ ದೇಶದ ನಿಜ್ವಾ ಊರಿನ ಬಾಡಿಗೆ ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಜೂಮ್‌ನಲ್ಲಿ ನಲವತ್ತೈದು ನಿಮಿಷ ಇಂಗ್ಲಿಷ್ ಪಾಠ ಮಾಡಿದೆ. ಮುಗಿದ ಮೇಲೆ, ಅಷ್ಟು ಹೊತ್ತೂ ಕ್ಯಾಮೆರಾ ಮುಚ್ಚಿಕೊಂಡು ಕೇಳುತ್ತಿದ್ದ, ನಾನು ಸೇರಿದ್ದ ಸೆಲ್ಟಾ ಎಂಬ ಇಂಗ್ಲಿಷ್ ಶಿಕ್ಷಕ ತರಬೇತಿಯ ಟ್ಯೂಟರ್ ತಮ್ಮ ಕೈಬರಹದ ಒಂದು ಹಾಳೆಯ ಫೋಟೊ ಕಳಿಸಿದರು. ಎಡಗಡೆ ಗಡಿಯಾರದ ನಿಮಿಷಗಳು, ಬಲಗಡೆ ಆಯಾ ನಿಮಿಷದಲ್ಲಿ ನಾನು ಆಡಿದ ಮಾತುಗಳು. ಹಾಳೆಯ ಕೆಳತುದಿಯಲ್ಲಿ, ನಾಲ್ಕು ಗೀಟಿಗೆ ಅಡ್ಡಲಾಗಿ ಐದನೆಯದನ್ನು ಎಳೆದು ಮೂಟೆ ಎಣಿಸುತ್ತಾರಲ್ಲ, ಹಾಗೆ ಗೀಟುಗಳ ಸಾಲೊಂದಿತ್ತು. ಎಣಿಸಿದೆ, ಹತ್ತೊಂಬತ್ತು. ಆ ಪಾಠದಲ್ಲಿ ನಾನು ‘ಅಂಡರ್‌ಸ್ಟುಡ್?’ ಎಂದು ಕೇಳಿದ್ದ ಸಲಗಳ ಲೆಕ್ಕ ಅದು. ಪಕ್ಕದಲ್ಲಿ ಅವರು ಬರೆದದ್ದು ಇಷ್ಟೇ: ಹತ್ತೊಂಬತ್ತು ಸಲವೂ ಬಂದ ಉತ್ತರ ‘ಯೆಸ್’, ಅದರಿಂದ ನಿಮಗೆ ತಿಳಿದದ್ದೇನು?

ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಒಂಬತ್ತು ವರ್ಷ, ನಿಜ್ವಾದಲ್ಲಿ ಎರಡೂವರೆ ವರ್ಷ ಪಾಠ ಮಾಡಿ ಆಗಿತ್ತು. ‘ಅರ್ಥ ಆಯ್ತಾ?’ ಎಂದು ಕೇಳುವುದು, ಇಡೀ ತರಗತಿ ‘ಹೂಂ ಮಿಸ್’ ಎಂದು ರಾಗ ಎಳೆಯುವುದು, ನಾನು ಮುಂದಿನ ಸಾಲಿಗೆ ಹೋಗುವುದು. ಇದನ್ನು ನಾನು ಪಾಠ ಎಂದೇ ತಿಳಿದಿದ್ದೆ. ಯಾರೂ ತಪ್ಪು ತೋರಿಸಿರಲಿಲ್ಲ, ಏಕೆಂದರೆ ಯಾರೂ ನೋಡಿಯೇ ಇರಲಿಲ್ಲ. ಬಿ.ಎಡ್. ಓದುವಾಗ ಅಭ್ಯಾಸ ಪಾಠಗಳಿಗೆ ಮಾರ್ಗದರ್ಶಕರು ಬರುತ್ತಿದ್ದುದು ನಿಜ. ಐದು ನಿಮಿಷ ನಿಂತು ಪಾಠಯೋಜನೆಯ ಪುಸ್ತಕಕ್ಕೆ ಸಹಿ ಹಾಕಿ ಪಕ್ಕದ ಕೊಠಡಿಗೆ ಹೋಗುತ್ತಿದ್ದರು. ಕೆಲಸಕ್ಕೆ ಸೇರಿದ ಮೇಲೆ ನನ್ನ ತರಗತಿಯ ಬಾಗಿಲಿಗೆ ಬಂದವರೆಂದರೆ ಹಾಜರಿ ಪುಸ್ತಕ ಕೇಳುವವರು ಮತ್ತು ಫೀಸು ಬಾಕಿಯಿದ್ದವರ ಹೆಸರು ಓದುವವರು. ಹನ್ನೊಂದೂವರೆ ವರ್ಷದ ಮೇಲೆ, ಪರದೇಶದಲ್ಲಿ ಕುಳಿತು, ಇನ್ಯಾವುದೋ ದೇಶದ ಟ್ಯೂಟರ್‌ಗೆ ಹಣ ತೆತ್ತು, ನಾನು ಈ ಹತ್ತೊಂಬತ್ತು ಗೀಟುಗಳನ್ನು ಕೊಂಡುಕೊಂಡಿದ್ದೆ. ಹೊರದೇಶದಲ್ಲಿ ದುಡಿಯುವ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಮತ್ತು ಪ್ರಮಾಣಪತ್ರ ಎಷ್ಟರ ಮಟ್ಟಿಗೆ ಕೈಗೆಟುಕುತ್ತವೆ ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಹಾಳೆ. ಪ್ರಮಾಣಪತ್ರದ ಮುಖ ನೆನಪಾಗುವುದು ಆಮೇಲೆ.

ಒಮಾನಿನ ಕಾಲೇಜುಗಳಲ್ಲಿ ಪದವಿ ತರಗತಿಗೆ ಮುನ್ನ ಫೌಂಡೇಶನ್ ಎಂಬ ಹಂತವೊಂದಿದೆ. 2008ರಲ್ಲಿ ಅದಕ್ಕೊಂದು ರಾಷ್ಟ್ರೀಯ ಮಾನದಂಡವನ್ನು ಗೊತ್ತುಮಾಡಲಾಯಿತು. ಇಂಗ್ಲಿಷ್, ಗಣಿತ, ಕಂಪ್ಯೂಟರ್ ಮತ್ತು ಅಧ್ಯಯನ ಕೌಶಲ ಅದರ ನಾಲ್ಕು ಅಂಗಗಳು. ಶಾಲೆಯಲ್ಲಿ ಅರಬ್ಬಿಯಲ್ಲೇ ಓದಿ ಬಂದ ಹುಡುಗ ಹುಡುಗಿಯರು ಇಂಗ್ಲಿಷಿನಲ್ಲಿ ನಡೆಯುವ ಪದವಿ ತರಗತಿಗೆ ಹೋಗುವ ಮೊದಲು ಇಲ್ಲಿ ಇಂಗ್ಲಿಷ್ ಕಲಿಯಬೇಕು. ಕಲಿಸಲು ಹೊರದೇಶದವರು ಬೇಕು. ಹೀಗೆ ಭಾರತ, ಪಾಕಿಸ್ತಾನ, ಫಿಲಿಪೀನ್ಸ್, ಟ್ಯುನೀಶಿಯಾಗಳಿಂದಲೂ ಬ್ರಿಟನ್, ಅಮೆರಿಕಗಳಿಂದಲೂ ಬಂದ ನಾವೆಲ್ಲ ಒಂದೇ ಸ್ಟಾಫ್‌ರೂಮಿನಲ್ಲಿ ಕೂರುತ್ತಿದ್ದೆವು. ನನ್ನನ್ನು ಕರೆತಂದದ್ದು ಒಂದು ನೇಮಕಾತಿ ಏಜೆನ್ಸಿ. ಅವರ ಜಾಹೀರಾತಿನಲ್ಲಿ ಎರಡು ಸಾಲುಗಳಿದ್ದವು: ಇಂಗ್ಲಿಷ್ ಮಾತೃಭಾಷೆಯಾಗಿರುವವರಿಗೆ ಯಾವುದಾದರೊಂದು ಪದವಿ ಮತ್ತು ಇಂಗ್ಲಿಷ್ ಬೋಧನೆಯ ಒಂದು ಸರ್ಟಿಫಿಕೇಟ್ ಸಾಕು, ಉಳಿದವರಿಗೆ ಇಂಗ್ಲಿಷಿನಲ್ಲೇ ಎಂ.ಎ., ಮೂರು ವರ್ಷದ ಅನುಭವ, ಐಇಎಲ್‌ಟಿಎಸ್ ಅಂಕ, ‘ಸರ್ಟಿಫಿಕೇಟ್ ಇದ್ದವರಿಗೆ ಆದ್ಯತೆ’. ಹುದ್ದೆಯ ಹೆಸರು ಒಂದೇ, ವಾರದ ಪಾಠದ ಅವಧಿಗಳೂ ಅಷ್ಟೇ. ಸಂಬಳದ ಪಟ್ಟಿ ಮಾತ್ರ ಪಾಸ್‌ಪೋರ್ಟ್ ನೋಡಿ ಬದಲಾಗುತ್ತಿತ್ತು. 2020ರ ಕೊನೆಗೆ ‘ಆದ್ಯತೆ’ ಎಂಬ ಪದ ‘ಕಡ್ಡಾಯ’ವಾಯಿತು. ಮುಂದಿನ ನವೀಕರಣದ ಹೊತ್ತಿಗೆ ಸರ್ಟಿಫಿಕೇಟ್ ತೋರಿಸದವರ ಕರಾರು ಮುಂದುವರಿಯುವುದಿಲ್ಲ ಎಂಬ ಇಮೇಲ್ ಬಂತು.

ಕಾಗದ ಪತ್ರಗಳ ಕಥೆ ಹೇಳಿದರೆ ಅದೇ ಒಂದು ಪುರಾಣವಾದೀತು, ಆದ್ದರಿಂದ ಒಂದೇ ಸಂಗತಿ ಹೇಳುತ್ತೇನೆ. ಪದವಿ ಪತ್ರಕ್ಕೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಪತ್ರದ ಸಹಿ ಮುದ್ರೆ ಅಸಲಿಯೆಂದು ಹೊರದೇಶಗಳಿಗೆ ಹೇಳುವ ಚೀಟಿ. ಹೇಗ್ ಒಪ್ಪಂದಕ್ಕೆ ಭಾರತ 2005ರಲ್ಲೂ ಒಮಾನ್ 2012ರಲ್ಲೂ ಸೇರಿರುವುದರಿಂದ ಆ ಚೀಟಿಯೊಂದಿದ್ದರೆ ರಾಯಭಾರ ಕಚೇರಿಯ ಅಲೆದಾಟ ತಪ್ಪುತ್ತದೆ. ಆದರೆ ನಮ್ಮ ಹಳೆ ಮೈಸೂರು ಸೀಮೆಯ ಹೆಸರುಗಳಿಗೆ ಮನೆತನದ ಹೆಸರಿನ ಬಾಲವಿರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ಅಪ್ಪನ ಇನಿಷಿಯಲ್ ಹೆಸರಿನ ಹಿಂದೆ, ಪದವಿ ಪತ್ರದಲ್ಲಿ ಅವೇ ಮುಂದೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲುಗಳೆಲ್ಲ ಬಿಡಿಸಿಕೊಂಡು ಅಪ್ಪನ ಹೆಸರೇ ನನ್ನ ಸರ್‌ನೇಮ್. ಈ ಮೂವರೂ ಒಬ್ಬಳೇ ಎಂದು ಮಂಡ್ಯದ ನೋಟರಿಯವರ ಮುಂದೆ ಅಫಿಡವಿಟ್ ಮಾಡಿಸಿ ಹೋಗಿದ್ದೆ. ಹೊಸ ಸರ್ಟಿಫಿಕೇಟಿನಲ್ಲಿ ಹೆಸರು ಹೇಗಿರಬೇಕೆಂದು ಅರ್ಜಿಯಲ್ಲಿ ಕೇಳಿದ್ದ ಜಾಗದ ಮುಂದೆ, ಅದು ನಾಲ್ಕನೆಯವಳನ್ನು ಹುಟ್ಟಿಸದಿರಲಿ ಎಂದು, ನಾನು ಬಹಳ ಹೊತ್ತು ಕುಳಿತಿದ್ದೆ.

ಮಾತೃಭಾಷಿಕರಿಗೆ ಒಂದು ಬಾಗಿಲು, ಉಳಿದವರಿಗೆ ಇನ್ನೊಂದು ಎಂಬ ಈ ಏರ್ಪಾಡು ಯಾವ ಏಜೆನ್ಸಿಯ ಸ್ವಂತ ಬುದ್ಧಿಯೂ ಅಲ್ಲ. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನೆಯ ಬಗ್ಗೆ ಒಂದು ಸಮ್ಮೇಳನ ನಡೆಯಿತು. ಇಂಗ್ಲಿಷ್ ಕಲಿಸಲು ಇಂಗ್ಲಿಷ್ ಮಾತೃಭಾಷೆಯವರೇ ಆದರ್ಶ ಶಿಕ್ಷಕರು ಎಂಬ ನಂಬಿಕೆಗೆ ವೃತ್ತಿಯ ಸಿದ್ಧಾಂತದ ಮರ್ಯಾದೆ ಸಿಕ್ಕಿದ್ದು ಅಲ್ಲಿಂದ ಎಂದು ಭಾಷಾವಿದ್ವಾಂಸ ರಾಬರ್ಟ್ ಫಿಲಿಪ್ಸನ್ 1992ರಲ್ಲಿ ವಾದಿಸಿ, ಅದನ್ನು ಭ್ರಾಂತಿ ಎಂದೇ ಕರೆದರು. ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಸಂಗತಿ: ಮಕೆರೆರೆಯ ಮರುವರ್ಷ, 1962ರಲ್ಲಿ, ಲಂಡನ್ನಿನಲ್ಲಿ ಜಾನ್ ಹೇಕ್ರಾಫ್ಟ್ ಮತ್ತು ಅವರ ಪತ್ನಿ ಬ್ರಿಟಾ ಸೇರಿ ತಮ್ಮ ಇಂಟರ್‌ನ್ಯಾಷನಲ್ ಹೌಸ್ ಸಂಸ್ಥೆಯಲ್ಲಿ ಎರಡು ವಾರದ ಶಿಕ್ಷಕ ತರಬೇತಿಯೊಂದನ್ನು ಶುರು ಮಾಡಿದರು. ಇಂಗ್ಲಿಷ್ ಮಾತಾಡಬಲ್ಲವರೆಲ್ಲ ಇಂಗ್ಲಿಷ್ ಕಲಿಸಬಲ್ಲರು ಎಂಬುದು ಸುಳ್ಳೆಂದು ಅವರಿಗೆ ತಮ್ಮ ಶಾಲೆಯಲ್ಲೇ ಗೊತ್ತಾಗಿತ್ತು. ಆ ಎರಡು ವಾರದ ಬೀಜ ಬೆಳೆದು, ಹಲವು ಹೆಸರು ಬದಲಿಸಿ, 1988ರಲ್ಲಿ ಕೇಂಬ್ರಿಜ್ ಪರೀಕ್ಷಾ ಮಂಡಳಿಯ ಕೈಸೇರಿ, ಇವತ್ತು ಸೆಲ್ಟಾ ಎಂಬ ಹೆಸರಿನಲ್ಲಿ ಜಗತ್ತಿನ ತುಂಬ ನಡೆಯುತ್ತಿದೆ. ಟ್ರಿನಿಟಿ ಕಾಲೇಜ್ ಲಂಡನ್‌ನವರ ಸರ್ಟ್‌ಟೆಸಾಲ್ ಇದರ ಓರಗೆಯದು. ಒಂದು ಹೊಸಿಲನ್ನು ತಗ್ಗಿಸಲು ಹುಟ್ಟಿದ ತರಬೇತಿ ಇನ್ನೊಂದು ಕಡೆ ತಾನೇ ಹೊಸಿಲಾಗಿ ನಿಂತಿತು.

ಸೆಲ್ಟಾ ಎಂದರೇನು ಎಂದು ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಕನಿಷ್ಠ 120 ಗಂಟೆಗಳ ಕೋರ್ಸ್. ಪೂರ್ಣಾವಧಿಯಾದರೆ ನಾಲ್ಕೈದು ವಾರ, ಅರೆಕಾಲಿಕವಾದರೆ ಕೆಲವು ತಿಂಗಳು. ಬರವಣಿಗೆಯ ಕೆಲಸ ನಾಲ್ಕು, ಒಂದೊಂದೂ 750ರಿಂದ 1,000 ಪದ. ಅನುಭವಿ ಶಿಕ್ಷಕರ ಪಾಠವನ್ನು ಆರು ಗಂಟೆ ಕುಳಿತು ನೋಡಬೇಕು. ಅದರ ಜೀವ ಇರುವುದು ಇನ್ನೊಂದು ಆರು ಗಂಟೆಯಲ್ಲಿ: ನಿಜವಾದ ಕಲಿಯುವವರ ಮುಂದೆ, ಟ್ಯೂಟರ್ ಮತ್ತು ಸಹಪಾಠಿಗಳ ಕಣ್ಣೆದುರು, ನಾವು ಪಾಠ ಮಾಡಬೇಕು. ಪ್ರತಿ ಪಾಠದ ನಂತರ ಎಲ್ಲರೂ ಕುಳಿತು ಅದನ್ನು ಬಿಚ್ಚಿ ನೋಡುತ್ತಾರೆ. ಹೊರಗಿನ ಪರೀಕ್ಷಕರೊಬ್ಬರು ಬಂದು ಇಡೀ ಕೋರ್ಸನ್ನೇ ಅಳೆದು ಹೋಗುತ್ತಾರೆ. ಗಮನಿಸಬೇಕಾದ ಮಾತೆಂದರೆ, ಇದು ಹೊಸಬರಿಗೆಂದು ಹೆಣೆದ ಕೋರ್ಸ್. ಪಾಠವನ್ನೇ ಮಾಡದವರನ್ನು ತರಗತಿಗೆ ಅಣಿಗೊಳಿಸುವುದು ಅದರ ಉದ್ದೇಶ. ಹದಿನೈದು ವರ್ಷ ಪಾಠ ಮಾಡಿ ಗಂಟಲು ಕಟ್ಟಿಸಿಕೊಂಡವರಿಗೂ ಅದನ್ನೇ ಕಡ್ಡಾಯ ಮಾಡುವುದರಲ್ಲಿ ಒಂದು ಅವಮಾನವಿದೆ. ಹಾಗೆಂದು ಅದರಿಂದ ನನಗೆ ಲಾಭವಾಗಲಿಲ್ಲ ಎಂದರೆ ನಾಲಿಗೆ ಸುಟ್ಟೀತು. ಎರಡೂ ನಿಜ.

ಇನ್ನು ಅದು ಯಾರಿಗೆ ಸಿಗುತ್ತದೆ ಎಂಬ ಲೆಕ್ಕ. ನಾನು ಕಟ್ಟಿದ್ದು 680 ರಿಯಾಲ್; ಆಗಿನ ದರದಲ್ಲಿ ಸುಮಾರು 1,30,000 ರೂಪಾಯಿ. ಮಂಡ್ಯದಲ್ಲಿದ್ದಾಗಿನ ನನ್ನ ಸಂಬಳದಲ್ಲಿ ಅದು ಆರು ತಿಂಗಳ ದುಡಿಮೆ. ಕೊರೋನಾಕ್ಕೆ ಮೊದಲು ಹಣವೊಂದೇ ಸಾಲುತ್ತಿರಲಿಲ್ಲ, ದಿನಗಳೂ ಬೇಕಿದ್ದವು. ನಿಜ್ವಾದಿಂದ ಮಸ್ಕತ್‌ಗೆ ಸುಮಾರು 160 ಕಿಲೋಮೀಟರ್. ಭಾನುವಾರದಿಂದ ಗುರುವಾರದವರೆಗೆ ಪಾಠವಿರುವ ನಮ್ಮಂಥವರು ವಾರಕ್ಕೆ ಎರಡು ಸಂಜೆ ಅಲ್ಲಿಗೆ ಹೋಗಿ ಬರುವುದು ಆಗದ ಮಾತು. ಬೇಸಿಗೆ ರಜೆಯಲ್ಲಿ ಬೆಂಗಳೂರಿನಲ್ಲಿ ಕೋಣೆ ಹಿಡಿದು ಪೂರ್ಣಾವಧಿಯ ಕೋರ್ಸ್ ಮಾಡಬಹುದಿತ್ತು; ವರ್ಷಕ್ಕೊಮ್ಮೆ ಊರಿಗೆ ಬರುವವಳು ಅಪ್ಪ ಅಮ್ಮನ ಮುಖ ನೋಡುವುದೂ ಆ ರಜೆಯಲ್ಲೇ. 2020ರ ಮಾರ್ಚ್ ನಡುವಿನಲ್ಲಿ ಒಮಾನಿನ ಶಾಲಾ ಕಾಲೇಜುಗಳು ಮುಚ್ಚಿದವು. ಅದೇ ವರ್ಷ ಸೆಲ್ಟಾವನ್ನು, ಪಾಠದ ಅಭ್ಯಾಸವೂ ಸೇರಿ, ಪೂರ್ತಿ ಆನ್‌ಲೈನ್‌ನಲ್ಲಿ ಮಾಡಲು ಅವಕಾಶವಾಯಿತು. ಲೋಕಕ್ಕೆಲ್ಲ ಕೇಡು ತಂದ ರೋಗ ನಿಜ್ವಾದ ಅಡುಗೆಮನೆಗೆ ಒಂದು ದಾರಿ ಮಾಡಿಕೊಟ್ಟಿತು ಎಂದು ಬರೆಯಲು ಸಂಕೋಚವಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ಆ ದಾರಿಯೂ ಹಣವಿಲ್ಲದವರಿಗೆ ದಾರಿಯಲ್ಲ. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಫಿಲಿಪೀನ್ಸ್‌ನ ಸಹೋದ್ಯೋಗಿಯ ಸಂಬಳದ ಮುಕ್ಕಾಲು ಪಾಲು ಪ್ರತಿ ತಿಂಗಳೂ ಊರಿಗೆ ಹೋಗುತ್ತಿತ್ತು. ಅವಳು ಆನ್‌ಲೈನ್‌ನಲ್ಲಿ ಹುಡುಕಿ, ರಿಯಾಯಿತಿಯಲ್ಲಿ, ಹನ್ನೆರಡು ರಿಯಾಲಿಗೆ ಒಂದು ಟೆಫ್ಲ್, ಅಂದರೆ ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ, ಸರ್ಟಿಫಿಕೇಟ್ ಕೊಂಡಿದ್ದಳು. ಅದರ ಮೇಲೂ ‘120 ಗಂಟೆ’ ಎಂದೇ ಇತ್ತು. ಬಂಗಾರದ ಬಣ್ಣದ ಮುದ್ರೆ, ಮಾನ್ಯತೆ ಕೊಟ್ಟ ಸಂಸ್ಥೆಯ ಹೆಸರು, ಕೆಳಗೊಂದು ಕ್ಯೂಆರ್ ಕೋಡ್. ಪಾಠ ಓದಿ ಬಹು ಆಯ್ಕೆಯ ಪ್ರಶ್ನೆಗೆ ಗುರುತು ಹಾಕುವುದಷ್ಟೇ ಕೋರ್ಸ್; ಮೂರು ರಾತ್ರಿಯಲ್ಲಿ ಮುಗಿಸಿದ್ದಳು. ಟೆಫ್ಲ್ ಎಂಬ ಹೆಸರಿನ ಮೇಲೆ ಯಾರಿಗೂ ಒಡೆತನವಿಲ್ಲ, ಅದನ್ನು ನಿಯಂತ್ರಿಸುವ ಒಂದು ಅಂತರರಾಷ್ಟ್ರೀಯ ಮಂಡಳಿಯೂ ಇಲ್ಲ. ಹಾಗಾಗಿ ಮಾನ್ಯತೆ ಕೊಡುವವರೂ ಖಾಸಗಿ, ಪಡೆಯುವವರೂ ಖಾಸಗಿ. ಅವಳ ಹಿಂದಿನ ಇಬ್ಬರು ಮಾಲೀಕರು ಆ ಪತ್ರವನ್ನು ಒಪ್ಪಿದ್ದರು. ಮೂರನೆಯವರು, ಅಂದರೆ ನಮ್ಮವರು, ವಿದ್ಯಾರ್ಥಿಗಳ ಮುಂದೆ ಪಾಠ ಮಾಡಿದ ಗಂಟೆಗಳ ದಾಖಲೆ ಎಲ್ಲಿ ಎಂದರು. ಅವಳು ಎಂಟು ವರ್ಷದಿಂದ ಪಾಠ ಮಾಡುತ್ತಿದ್ದವಳು! ಆದರೆ ಅವು ಯಾರೂ ನೋಡದ ಎಂಟು ವರ್ಷಗಳು, ನನ್ನ ಹನ್ನೊಂದರ ಹಾಗೆ. ಪ್ರಶ್ನೆ ಸರಿಯಾದುದೇ ಆಗಿತ್ತು. ಕೇಳಿದವರು ಮಾತ್ರ ಅವಳ ತರಗತಿಗೆ ಒಂದು ದಿನವೂ ಬಂದವರಲ್ಲ.

ಬೇರೆ ದೇಶಗಳಲ್ಲಿ ಬೇಲಿ ಬೇರೆ ಬೇರೆ ಎತ್ತರದಲ್ಲಿದೆ. ದಕ್ಷಿಣ ಕೊರಿಯಾ ಇಂಗ್ಲಿಷ್ ಶಿಕ್ಷಕರ ವೀಸಾವನ್ನು ಏಳು ದೇಶಗಳ ಪ್ರಜೆಗಳಿಗೆ ಮೀಸಲಿಟ್ಟಿದೆ; 2010ರಲ್ಲಿ ಜಾರಿಗೆ ಬಂದ ಭಾರತದೊಂದಿಗಿನ ಆರ್ಥಿಕ ಒಪ್ಪಂದದ ಕಾರಣ, ಪದವಿಯೂ ಇಂಗ್ಲಿಷ್ ಶಿಕ್ಷಕರ ಅರ್ಹತೆಯೂ ಇರುವ ಭಾರತೀಯರಿಗೆ ಸಹಾಯಕ ಶಿಕ್ಷಕರಾಗಿ ಹೋಗಲು ಒಂದು ಕಿರುಬಾಗಿಲು ತೆರೆದಿದೆ. ಥಾಯ್ಲೆಂಡಿನಲ್ಲಿ ಮಾತೃಭಾಷಿಕರಲ್ಲದವರಿಗೆ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 600 ಅಂಕ ಕೇಳುವುದು ರೂಢಿ. ಗಲ್ಫ್‌ನ ಹಲವು ಭಾರತೀಯ ಶಾಲೆಗಳಲ್ಲಿ ಇದಾವುದರ ಗೊಡವೆಯಿಲ್ಲ, ಕೇಳುವುದು ಬಿ.ಎಡ್., ಅಲ್ಲಿನ ಸಂಬಳದ ಮಾತು ಬೇರೆ. ಟೆಸಾಲ್ ಎಂಬ ಅಮೆರಿಕದ ಶಿಕ್ಷಕರ ಸಂಘ 2006ರಲ್ಲೇ ಮಾತೃಭಾಷೆಯ ಆಧಾರದ ಮೇಲೆ ಶಿಕ್ಷಕರಲ್ಲಿ ಭೇದ ಮಾಡಬಾರದೆಂದು ಹೇಳಿಕೆ ಹೊರಡಿಸಿತು. ಜಾಹೀರಾತು ಬರೆಯುವವರು ಅದನ್ನು ಓದಿದಂತಿಲ್ಲ.

ನಮ್ಮ ಗುಂಪಿನಲ್ಲಿ ಆರು ಜನರಿದ್ದೆವು. ಇಪ್ಪತ್ತೆರಡು ವರ್ಷದ ಒಬ್ಬ ಇಂಗ್ಲೆಂಡಿನ ಹುಡುಗ, ಆಗಷ್ಟೇ ಪದವಿ ಮುಗಿಸಿದವನು, ಟರ್ಕಿಯ ಒಬ್ಬ ಶಾಲಾ ಶಿಕ್ಷಕಿ, ಈಜಿಪ್ಟಿನ ಇಬ್ಬರು, ಪೋಲೆಂಡಿನ ಒಬ್ಬರು, ನಾನು. ಇಂಗ್ಲೆಂಡಿನ ಹುಡುಗನಿಗೆ ತನ್ನದೇ ಭಾಷೆಯ ವ್ಯಾಕರಣದ ಹೆಸರುಗಳು ಗೊತ್ತಿರಲಿಲ್ಲ. ಪ್ರೆಸೆಂಟ್ ಪರ್ಫೆಕ್ಟ್ ಪಾಠ ಮಾಡುವ ಹಿಂದಿನ ರಾತ್ರಿ ಅವನು ನನಗೆ ಫೋನ್ ಮಾಡಿ, ಅದು ಸಿಂಪಲ್ ಪಾಸ್ಟ್‌ಗಿಂತ ಯಾಕೆ ಬೇರೆ ಎಂದು ಕೇಳಿದ. ‘ಬಂದೆ’ ಮತ್ತು ‘ಬಂದಿದ್ದೇನೆ’ ಎರಡನ್ನೂ ಅಮ್ಮನ ಮಡಿಲಲ್ಲೇ ಕಲಿತ ನನಗೆ ಆ ವ್ಯತ್ಯಾಸ ಹೇಳುವುದು ಕಷ್ಟವಾಗಲಿಲ್ಲ. ನೆಂಟರು ಬಂದರು ಎಂದರೆ ಬಂದ ಸುದ್ದಿ, ಬಂದಿದ್ದಾರೆ ಎಂದರೆ ಇನ್ನೂ ನಡುಮನೆಯಲ್ಲಿ ಕುಳಿತಿದ್ದಾರೆ, ಕಾಫಿಗೆ ನೀರಿಡಬೇಕು. ಅವನಿಗೆ ಈ ಉದಾಹರಣೆ ಎಷ್ಟು ಹಿಡಿಸಿತೆಂದರೆ ಮರುದಿನದ ಪಾಠದಲ್ಲಿ ನೆಂಟರನ್ನೇ ತಂದುಬಿಟ್ಟ. ನನ್ನ ಸರದಿ ಬಂದಾಗ ನನ್ನ ಕೊರತೆಗಳೂ ಬಯಲಾದವು. ‘ಎಗ್’ ಎನ್ನುವಾಗ ನನ್ನ ಬಾಯಲ್ಲಿ ‘ಯೆಗ್ಗು’, ‘ಓನ್ಲಿ’ ಎನ್ನುವಾಗ ‘ವೋನ್ಲಿ’ ಬರುತ್ತದೆಂದು ಮೊದಲ ಬಾರಿಗೆ ರೆಕಾರ್ಡಿಂಗ್‌ನಲ್ಲಿ ಕೇಳಿದೆ. ‘ಎಂಟು’ ಎಂದು ಬರೆದು ‘ಯೆಂಟು’ ಎಂದು ಓದುವ ಸೀಮೆಯವಳು ನಾನು. ಟ್ಯೂಟರ್ ಇದನ್ನು ತಪ್ಪು ಎನ್ನಲಿಲ್ಲ. ಕಲಿಯುವವರಿಗೆ ತೊಡಕಾಗುವ ಕಡೆ ಮಾತ್ರ ಎಚ್ಚರವಿರಲಿ ಎಂದರು. ಅವರ ತಕರಾರೆಲ್ಲ ನನ್ನ ಮಾತಿನ ಪ್ರಮಾಣದ ಮೇಲಿತ್ತು. ನಲವತ್ತೈದರಲ್ಲಿ ಮೂವತ್ತೊಂದು ನಿಮಿಷ ನೀವೇ ಮಾತಾಡಿದ್ದೀರಿ, ಭಾಷೆ ಕಲಿಯಬೇಕಾದವರು ಯಾರು, ಎಂದು ಕೇಳಿದರು.

ನಾಲ್ಕು ಬರವಣಿಗೆಗಳಲ್ಲಿ ಒಂದು, ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಂಡು ಅವರ ತಪ್ಪುಗಳ ಮೂಲ ಹುಡುಕುವುದು. ನಾನು ಆರಿಸಿಕೊಂಡದ್ದು ಯೆಮನ್‌ನ ಒಬ್ಬ ನರ್ಸ್. ತನ್ನ ಮನೆಯ ಬಗ್ಗೆ ಬರೆಯಿರಿ ಎಂದಾಗ ಆಕೆ ಮೊದಲ ಸಾಲು ಹೀಗೆ ಬರೆದಿದ್ದರು: ‘ಮೈ ಫಾದರ್ ಫಾರ್ಮರ್.’ ನಿಜ್ವಾದ ನನ್ನ ವಿದ್ಯಾರ್ಥಿಗಳೂ ದಿನಾ ಬರೆಯುವ ವಾಕ್ಯ ಅದು, ಅಪ್ಪನ ಕಸುಬು ಮಾತ್ರ ಬದಲಾಗುತ್ತದೆ. ಗುಂಪಿನ ಚರ್ಚೆಯಲ್ಲಿ ಒಬ್ಬರು ಇದನ್ನು ಅಜಾಗರೂಕತೆ ಎಂದರು, ಇನ್ನೊಬ್ಬರು ಕ್ರಿಯಾಪದ ಮರೆತಿದ್ದಾರೆ ಎಂದರು. ಆಕೆ ಏನನ್ನೂ ಮರೆತಿರಲಿಲ್ಲ. ಅರಬ್ಬಿಯಲ್ಲಿ ‘ಅನಾ ಮುದರ್ರಿಸ್’ ಎಂದರೆ ‘ನಾನು ಶಿಕ್ಷಕ’, ಅಷ್ಟಕ್ಕೇ ವಾಕ್ಯ ಮುಗಿಯಿತು. ಕನ್ನಡದಲ್ಲೂ ‘ನಮ್ಮಪ್ಪ ಮೇಷ್ಟ್ರು’ ಎಂದರೆ ಮುಗಿಯಿತು, ನಡುವೆ ಯಾವ ಕ್ರಿಯಾಪದವೂ ಬೇಕಿಲ್ಲ. ಇಂಗ್ಲಿಷ್ ಯಾಕೆ ಅಲ್ಲೊಂದು ‘ಈಸ್’ ಎಂಬ ಗೂಟ ಹೊಡೆಯುತ್ತದೆ ಎಂದು ಐದನೇ ತರಗತಿಯಲ್ಲಿ ನಾನೂ ಅಚ್ಚರಿಪಟ್ಟಿದ್ದೆ, ಅದನ್ನು ಹಾಕದೆ ಕೈಗೆ ಏಟು ತಿಂದಿದ್ದೆ. ಅದನ್ನೇ ಬರೆದೆ, ಏಟಿನ ವಿಷಯ ಬಿಟ್ಟೆ. ನನ್ನ ಬರಹಗಳಲ್ಲಿ ಒಂದೇ ಸಲಕ್ಕೆ, ತಿದ್ದುಪಡಿ ಇಲ್ಲದೆ ಪಾಸಾದದ್ದು ಅದೊಂದೇ. ಕಲಿಯುವವರ ಭಾಷೆಯ ಕಡೆಯಿಂದ ಇಂಗ್ಲಿಷನ್ನು ನೋಡಬಲ್ಲ ಈ ಕಣ್ಣು ಇಂಗ್ಲಿಷನ್ನು ಹೊರಗಿನಿಂದ ಕಲಿತವರಿಗೆ ಇರುತ್ತದೆ, ಆ ಕೋರ್ಸ್‌ನಲ್ಲಿ ಅದಕ್ಕೊಂದು ಜಾಗವೂ ಇದೆ. ನೇಮಕಾತಿಯ ಅರ್ಜಿಯಲ್ಲಿ ಅದಕ್ಕೆ ಖಾನೆಯಿಲ್ಲ.

ಮೂರನೆಯ ತಿಂಗಳಲ್ಲಿ ಟಾಸ್ಕ್‌ಗಳ ಮೂಲಕ ಭಾಷೆ ಕಲಿಸುವ ಬಗ್ಗೆ ಒಂದು ಅವಧಿ ಇತ್ತು. ಟ್ಯೂಟರ್ ಸ್ಲೈಡ್ ತೆರೆದರು. ಅದರ ಮೇಲೆ ಬರೆದಿತ್ತು: ಬ್ಯಾಂಗಲೋರ್ ಪ್ರಾಜೆಕ್ಟ್, 1979ರಿಂದ 1984. ಎನ್.ಎಸ್. ಪ್ರಭು ಅವರು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದಾಗ, ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ, ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ವ್ಯಾಕರಣ ಹೇಳಿಕೊಡುವ ಬದಲು ಮಕ್ಕಳಿಗೆ ಬಿಡಿಸಲು ಒಂದು ಸಮಸ್ಯೆ ಕೊಡುವುದು. ರೈಲಿನ ವೇಳಾಪಟ್ಟಿ ಕೊಟ್ಟು, ಇಷ್ಟು ಗಂಟೆಗೆ ಅಲ್ಲಿರಬೇಕಾದವನು ಯಾವ ರೈಲು ಹಿಡಿಯಬೇಕು ಎಂದು ಕೇಳುವುದು. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆಯ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಈ ಪ್ರಯೋಗವನ್ನು ಬಿಟ್ಟು ಇವತ್ತು ಯಾವ ದೇಶದಲ್ಲೂ ಟಾಸ್ಕ್ ಆಧಾರಿತ ಬೋಧನೆಯ ಇತಿಹಾಸ ಹೇಳಲಾಗುವುದಿಲ್ಲ. ಎಂ.ಎ.ದಲ್ಲಿ ಚಾಸರ್‌ನಿಂದ ಎಲಿಯಟ್‌ವರೆಗೆ ಓದಿದ್ದ ನಾನು, ಬೆಂಗಳೂರಿನಿಂದ ನೂರು ಕಿಲೋಮೀಟರಿನಲ್ಲಿ ಹುಟ್ಟಿ ಬೆಳೆದವಳು, ಪ್ರಭು ಅವರ ಹೆಸರನ್ನು ಮೊದಲು ಕೇಳಿದ್ದು ನಿಜ್ವಾದ ಅಡುಗೆಮನೆಯಲ್ಲಿ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಅಪ್ಪ ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದವರು. ‘ಜ್ಞಾನಭಾರತಿಗೆ ನನ್ನನ್ನೂ ಟ್ರೈನಿಂಗ್‌ಗೆ ಹಾಕಿದ್ರಲ್ಲಮ್ಮ, ನೀನಿನ್ನೂ ಹುಟ್ಟಿರಲಿಲ್ಲ’ ಎಂದರು. ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿರುವ ಆ ಸಂಸ್ಥೆ 1963ರಲ್ಲಿ ಶುರುವಾದದ್ದು. ದಕ್ಷಿಣದ ರಾಜ್ಯಗಳ ಸರ್ಕಾರಿ ಶಾಲಾ ಶಿಕ್ಷಕರನ್ನು ಸರ್ಕಾರದ ಖರ್ಚಿನಲ್ಲೇ ಕರೆಸಿ ತರಬೇತಿ ಕೊಡುವುದು ಅದರ ಕೆಲಸ. ಅಲ್ಲಿ ಏನು ಮಾಡಿಸುತ್ತಿದ್ದರು ಎಂದು ಕೇಳಿದೆ. ಒಬ್ಬರು ಪಾಠ ಮಾಡಬೇಕು, ಉಳಿದವರು ಹಿಂದೆ ಕುಳಿತು ಬರೆದುಕೊಳ್ಳಬೇಕು, ಸಂಜೆ ಒಬ್ಬೊಬ್ಬರೂ ಹೇಳಬೇಕು. ಕೇರಳದ ಮೇಷ್ಟ್ರೊಬ್ಬರು ಅಪ್ಪನ ಪಾಠ ನೋಡಿ, ‘ನೀವು ಪ್ರಶ್ನೆ ಕೇಳಿ ಉತ್ತರವನ್ನೂ ನೀವೇ ಹೇಳಿಬಿಡುತ್ತೀರಿ’ ಎಂದಿದ್ದರಂತೆ. ಮೂವತ್ತೈದು ವರ್ಷ ಕಳೆದರೂ ಅಪ್ಪನಿಗೆ ಆ ಮಾತು ನೆನಪಿತ್ತು. ‘ಆವತ್ತಿಂದ ಪ್ರಶ್ನೆ ಕೇಳಿ ಮನಸ್ಸಲ್ಲೇ ಐದು ಎಣಿಸೋದು ಕಲ್ತೆ ಕಣಮ್ಮ’ ಎಂದರು.

ಅಂದರೆ ನಾನು ಲಕ್ಷದ ಮೇಲೆ ಹಣ ಕೊಟ್ಟು ಕೊಂಡುಕೊಂಡದ್ದು ಅಪ್ಪನಿಗೆ ಬಸ್ ಚಾರ್ಜನ್ನೂ ಸೇರಿಸಿ ಸರ್ಕಾರವೇ ಕೊಟ್ಟಿದ್ದ ವಸ್ತು. ಆದರೆ ಅಪ್ಪನ ತರಬೇತಿಯ ಪತ್ರವನ್ನು ಗಲ್ಫ್‌ನ ಯಾವ ಏಜೆನ್ಸಿಯ ಮೇಜಿನ ಮೇಲಿಟ್ಟರೂ ಅದು ಇಂಗ್ಲಿಷಿನಲ್ಲಿ ಬರೆದ ಇನ್ನೊಂದು ಕಾಗದ, ಅಷ್ಟೆ. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಾಗಿ ಹುಟ್ಟಿ, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾದ ಇಫ್ಲು, ಇಂಗ್ಲಿಷ್ ಬೋಧನೆಯಲ್ಲಿ ಸ್ನಾತಕೋತ್ತರ ಸರ್ಟಿಫಿಕೇಟ್ ಮತ್ತು ಡಿಪ್ಲೊಮಾ ಕೊಡುತ್ತದೆ. ನನ್ನ ಸ್ಟಾಫ್‌ರೂಮಿನಲ್ಲೇ ಆ ಡಿಪ್ಲೊಮಾ ಇದ್ದವರೊಬ್ಬರಿದ್ದರು. ಅವರೂ ಸೆಲ್ಟಾ ಮಾಡಬೇಕಾಯಿತು. ನಮ್ಮ ದೇಶ ಇಷ್ಟೊಂದು ಇಂಗ್ಲಿಷ್ ಶಿಕ್ಷಕರನ್ನು ಹೊರಗೆ ಕಳಿಸುತ್ತದೆ. ಹಿಂದೆ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಆ ದೇಶದ ಶಾಲೆಗಳಿಗೆ ಹೋದ ಭಾರತೀಯ ಮೇಷ್ಟ್ರುಗಳಿಂದ ಹಿಡಿದು ಇಂದಿನ ಮಾಲ್ದೀವ್ಸ್‌ವರೆಗೆ ಇದು ನಡೆದುಬಂದಿದೆ. ವೈದ್ಯರ, ನರ್ಸ್‌ಗಳ ಅರ್ಹತೆಗೆ ಹೊರದೇಶಗಳಲ್ಲಿ ಒಂದು ಪರೀಕ್ಷೆಯೋ ನೋಂದಣಿಯೋ ಇರುತ್ತದೆ, ಅದರ ನಿಯಮ ಎಲ್ಲರಿಗೂ ಗೊತ್ತಿರುತ್ತದೆ. ನಮ್ಮದು ಆಯಾ ಮಾಲೀಕರ ಇಮೇಲ್ ನಿರ್ಧರಿಸುವ ಅರ್ಹತೆ. ನಮ್ಮ ಸಂಸ್ಥೆಗಳು ತಾವು ಕೊಡುವ ಪತ್ರದ ಮೇಲೆ ಒಂದು ಸಾಲು ಸೇರಿಸಿದರೂ ಸಾಕು ಎಂದು ನನಗೆ ಅನ್ನಿಸುತ್ತದೆ: ಈ ಶಿಕ್ಷಕರ ಪಾಠವನ್ನು ಇಷ್ಟು ಗಂಟೆ, ಇಂಥವರು ಕುಳಿತು ನೋಡಿದ್ದಾರೆ. ನಮ್ಮ ಕಾಲೇಜು ಫಿಲಿಪೀನ್ಸ್‌ನ ಗೆಳತಿಯನ್ನು ಕೇಳಿದ್ದು ಅದೊಂದನ್ನೇ ತಾನೆ. ಪಿಯು ಮತ್ತು ಖಾಸಗಿ ಶಾಲೆಗಳ ಶಿಕ್ಷಕರಿಗೆ, ಹೊರದೇಶದಿಂದ ರಜೆಗೆ ಬಂದವರಿಗೆ ಕೂಡ, ಫೀಸು ಕಟ್ಟಿಸಿಕೊಂಡಾದರೂ ಸರಿ, ಆ ಬಾಗಿಲು ತೆರೆಯಲಿ. ಅಪ್ಪನಿಗೆ ಸಿಕ್ಕಿದ್ದು ನನಗೆ ಸಿಗದಿದ್ದುದಕ್ಕೆ ನಾನು ಖಾಸಗಿ ಕಾಲೇಜಿನವಳು ಎಂಬುದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಗೆಳತಿಯ ಕರಾರು ನವೀಕರಣವಾಗಲಿಲ್ಲ. ಅವಳು ಈಗ ಮಸ್ಕತ್‌ನ ಒಂದು ಸಣ್ಣ ಭಾಷಾ ಕೇಂದ್ರದಲ್ಲಿ ಕಡಿಮೆ ಸಂಬಳಕ್ಕೆ ಪಾಠ ಮಾಡುತ್ತಾಳೆ. ನನಗೆ ಬಂದ ಗ್ರೇಡ್ ಬರೀ ಪಾಸ್; ಅದಕ್ಕೂ ಅಪೋಸ್ಟಿಲ್ ಬೇಕೆಂದು ಆಫೀಸಿನವರು ಒಂದು ತಿಂಗಳು ಕಾಡಿದರು, ಆಮೇಲೆ ಬೇಡವೆಂದರು. ಕರಾರು ಮುಂದುವರಿಯಿತು, ಸಂಬಳದ ಪಟ್ಟಿ ಬದಲಾಗಲಿಲ್ಲ.

ಹೋದ ವರ್ಷದಿಂದ ನಾವು ಮೂವರು, ತ್ರಿಶೂರಿನ ಒಬ್ಬರು, ಟ್ಯುನೀಶಿಯಾದ ಒಬ್ಬರು ಮತ್ತು ನಾನು, ಮಂಗಳವಾರ ಬೆಳಗಿನ ಮೊದಲ ಅವಧಿಯಲ್ಲಿ ಸರದಿಯಂತೆ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಹಿಂದೆ ಕೂರುತ್ತೇವೆ. ಇದಕ್ಕೆ ಯಾರ ಅನುಮತಿಯನ್ನೂ ಕೇಳಲಿಲ್ಲ, ಪತ್ರವೂ ಸಿಗುವುದಿಲ್ಲ. ರಜೆಗೆಂದು ಮಸ್ಕತ್‌ನಿಂದ ಬಂದಿದ್ದ ಗೆಳತಿ ಒಂದು ಮಂಗಳವಾರ ನನ್ನ ತರಗತಿಗೂ ಬಂದಳು. ಕೈಯಲ್ಲಿ ಹಾಳೆ ಹಿಡಿದು ಕೊನೆಯ ಸಾಲಿನಲ್ಲಿ, ಉದ್ದ ಬಿಳಿ ದಿಶ್‌ದಾಶಾ ತೊಟ್ಟ ಇಬ್ಬರು ಹುಡುಗರ ನಡುವೆ ಕುಳಿತಳು. ನಾನು ದಿಕ್ಕು ಹೇಳುವ ಪಾಠ ಮಾಡುತ್ತಿದ್ದೆ, ನಿಜ್ವಾದ ಕೋಟೆಯಿಂದ ಶುಕ್ರವಾರದ ಆಡಿನ ಸಂತೆಗೆ ಹೋಗುವ ನಕ್ಷೆ ಕೊಟ್ಟು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದು ಎಣಿಸಿದೆ. ಪಾಠ ಮುಗಿದ ಮೇಲೆ ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಕೆಳತುದಿಯಲ್ಲಿ ಗೀಟುಗಳಿದ್ದವು, ನಾಲ್ಕು. ‘ಇನ್ನೂ ನಾಲ್ಕಿವೆ’ ಎಂದಳು.